ಎತ್ತಬಾರದ ಫೋನು

ಈಗಲೂ ನನ್ನ ಫೋನು ಬಡಿದರೆ ನಾನು ಕೂಡಲೇ ಎತ್ತುವುದಿಲ್ಲ. ಒಂದು ರಿಂಗ್ ಆಗಬೇಕು, ಎರಡಾಗಬೇಕು, ಆಮೇಲೂ ನಿಲ್ಲದಿದ್ದರೆ ಮಾತ್ರ ಕೈ ಮುಂದೆ ಹೋಗುತ್ತದೆ. ಶಿರಸಿಯಲ್ಲಿ ಒಂದು ಕೋಣೆ ಹಿಡಿದು ವೆಬ್‌ಸೈಟ್ ಮಾಡಿಕೊಡುವ ಕೆಲಸ ನನ್ನದು. ಹೋಮ್‌ಸ್ಟೇಯವರು, ಸೊಸೈಟಿಯವರು, ಸಣ್ಣಪುಟ್ಟ ಶಾಲೆಯವರು ಬರುತ್ತಾರೆ. ಎಲ್ಲರೂ ಕೇಳುವುದು ಒಂದೇ: ಫೋನ್ ನಂಬರು ಮೇಲುಗಡೆ ದೊಡ್ಡದಾಗಿ ಕಾಣಬೇಕು, ಬೆರಳಿಟ್ಟರೆ ಸಾಕು ರಿಂಗ್ ಆಗಬೇಕು. ಮಾಡಿಕೊಡುತ್ತೇನೆ, ಚೆನ್ನಾಗಿಯೇ ಮಾಡುತ್ತೇನೆ. ಊರೆಲ್ಲ ಊರಿನೊಡನೆ ಮಾತಾಡಲಿ ಎಂದು ಬಟನ್ನು ಕೂರಿಸುವವಳಿಗೆ ತನ್ನ ಫೋನು ಎತ್ತಲು ಇಷ್ಟು ಹೊತ್ತು ಯಾಕೆ ಬೇಕು ಎಂದು ಗಿರಾಕಿಗಳು ನಗುತ್ತಾರೆ. ಅದನ್ನು ಹೇಳಬೇಕೆಂದರೆ ಯಲ್ಲಾಪುರದ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಿಂದ ಶುರುಮಾಡಬೇಕು.

ಹೆದ್ದಾರಿಗೆ ಮುಖ ಮಾಡಿದ ಸಾಲುಮನೆ ಅದು. ಮುಂದೊಂದು ಕೋಣೆ, ಹಿಂದೊಂದು ಅಡುಗೆಮನೆ, ಅವೆರಡರ ನಡುವೆ ಹಲಗೆಯ ಗೋಡೆ. ಮುಂದಿನ ಕೋಣೆಯ ಮೂಲೆಯಲ್ಲಿ ಗಾಜಿನ ಬಾಗಿಲಿನ ಒಂದು ಗೂಡು. ಹೊರಗೆ ಹಳದಿ ಬೋರ್ಡು: ಎಸ್‌ಟಿಡಿ, ಐಎಸ್‌ಡಿ, ಪಿಸಿಒ. ಅವ್ವನಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಎಡಗಾಲು ಸೊರಗಿತ್ತು. ಆ ಕಾಲಿನ ಲೆಕ್ಕದಲ್ಲಿ, ಅಂಗವಿಕಲರ ಪಾಲಿನದೆಂದು, ಬೂತು ಮಂಜೂರಾಗಿತ್ತು. ‘ನನ್ನ ಕಾಲು ನಡೀಲಿಲ್ಲ, ಆದ್ರ ಮನಿ ನಡಸ್ತು’ ಎಂದು ಅವಳೇ ಹೇಳಿ ನಗುತ್ತಿದ್ದಳು. ಅವ್ವ ಮುಂಡಗೋಡದ ಕಡೆಯವಳು. ಅವಳ ಮಾತಿನಲ್ಲೂ ರೊಟ್ಟಿಯಲ್ಲೂ ಬಯಲುಸೀಮೆ ಇತ್ತು. ಅಪ್ಪ ಸಿದ್ದಾಪುರದ ದೊಡ್ಮನೆ ಕಡೆಯವನು. ಗಂಜಿ ಇಲ್ಲದ ಊಟ ಊಟವೇ ಅಲ್ಲ ಎನ್ನುವವನು. ಅವನು ಲಾರಿ ಓಡಿಸುತ್ತಿದ್ದ. ಕಾರವಾರದಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಪುಣೆ, ಒಮ್ಮೊಮ್ಮೆ ಇನ್ನೂ ಆಚೆ. ಮನೆಗೆ ಬಂದ ದಿನ ಮಧ್ಯಾಹ್ನ ರೊಟ್ಟಿಯೋ ಗಂಜಿಯೋ ಎಂಬ ಜಗಳ ಒಂದಾಗುತ್ತಿತ್ತು. ಅವರಿಬ್ಬರ ನಡುವೆ ನಾನು ಕೇಳಿದ ಉದ್ದನೆಯ ಮಾತುಕತೆ ಅಂದರೆ ಅದೊಂದೇ. ಅಪ್ಪ ಅವ್ವನನ್ನು ‘ಏ ಇವಳೇ’ ಎನ್ನುತ್ತಿದ್ದ, ಅವ್ವ ‘ಏನ್ರೀ’ ಎನ್ನುತ್ತಿದ್ದಳು. ಜಗಳ ಮುಗಿದರೆ ಅಪ್ಪ ಮಲಗುತ್ತಿದ್ದ. ಎದ್ದು ಲಾರಿಯ ಗಾಜು ಒರೆಸಿ ಹೋಗುತ್ತಿದ್ದ.

ಬೂತಿನ ಗಾಜಿನ ಬಾಗಿಲು ಎಂದೂ ಸರಿಯಾಗಿ ಮುಚ್ಚುತ್ತಿರಲಿಲ್ಲ. ಒಳಗೆ ನಿಂತವರ ಮಾತೆಲ್ಲ ನಮ್ಮ ಮನೆಯೊಳಗೆ ಬರುತ್ತಿತ್ತು. ಅವ್ವ ಅದಕ್ಕೊಂದು ಪದ್ಧತಿ ಮಾಡಿದ್ದಳು. ಒಳಗಿದ್ದವರ ಧ್ವನಿ ಸಣ್ಣದಾಯಿತೆಂದರೆ, ಅಥವಾ ಇನ್ನೇನು ಅಳುತ್ತಾರೆ ಎಂದು ಕಂಡರೆ, ಅಡುಗೆಮನೆಗೆ ಹೋಗಿ ಸದ್ದು ಮಾಡಬೇಕು. ಪಾತ್ರೆ ತೊಳೆಯಬೇಕು, ಒರಳಿನಲ್ಲಿ ಹಿಟ್ಟು ರುಬ್ಬಬೇಕು, ಏನೂ ಇಲ್ಲದಿದ್ದರೆ ಚಮಚವನ್ನಾದರೂ ಬೋಗುಣಿಗೆ ಬಡಿಯಬೇಕು. ಮನೆಯವರು ಕೇಳಿಸಿಕೊಳ್ಳುತ್ತಿಲ್ಲ ಎಂದು ಗಿರಾಕಿಗೆ ಗೊತ್ತಾಗಬೇಕು. ಸುಮ್ಮನೆ ಕೂತರೆ ಅದು ಕದ್ದು ಕೇಳಿದಂತೆ. ಹೀಗಾಗಿ ನಮ್ಮ ಮನೆಯಲ್ಲಿ ಹೊತ್ತುಗೊತ್ತಿಲ್ಲದೆ ದೋಸೆ ಹಿಟ್ಟು ತಯಾರಾಗುತ್ತಿತ್ತು. ಊರಿನಲ್ಲಿ ಯಾರದ್ದಾದರೂ ಮದುವೆ ಮಾತು ಮುರಿದುಬಿದ್ದರೆ ಮರುದಿನ ನಮ್ಮಲ್ಲಿ ದೋಸೆ. ನಾನು ಎಷ್ಟೋ ಪಾಠಗಳನ್ನು ಒರಳುಗುಂಡು ತಿರುಗಿಸುತ್ತಲೇ ಬಾಯಿಪಾಠ ಮಾಡಿದ್ದೇನೆ.

ಆದರೂ ಕಿವಿ ಇದೆಯಲ್ಲ. ವಾರಕ್ಕೊಮ್ಮೆ ತೋಟದ ಕಡೆಯಿಂದ ಭಟ್ಟರೊಬ್ಬರು ಮಗಳಿಗೆ ಫೋನು ಮಾಡಲು ಬರುತ್ತಿದ್ದರು. ಅವರಿಗೆ ಮಗಳಿಗೆ ಹೇಳುವಂಥ ಸುದ್ದಿ ಏನೂ ಇರುತ್ತಿರಲಿಲ್ಲ. ದುಡ್ಡು ಎಣಿಸುವ ಮೀಟರಿನ ಕೆಂಪು ಅಂಕಿ ಓಡುತ್ತಿದ್ದರೂ ನಿಧಾನಕ್ಕೆ, ವೀಳ್ಯದೆಲೆ ಬಾಯಲ್ಲಿಟ್ಟುಕೊಂಡೇ ಹೇಳುತ್ತಿದ್ದರು:

‘ಎಂತದೂ ಇಲ್ಲೆ ಕೂಸೇ, ನಾ ಸುಮ್ನೆ ಮಾಡಿದ್ದಿ. ಉಂಡ್ಯನೇ?’

ಹಾಗೆ ಸುಮ್ಮನೆ ಮಾಡಿದ ಫೋನು ನಮ್ಮ ಮನೆಗೆ ಒಂದೂ ಬರಲಿಲ್ಲ. ಊರಿಗೆಲ್ಲ ಮಾತಾಡಲು ಫೋನು ಕೊಟ್ಟ ಮನೆ ನಮ್ಮದು. ನಮ್ಮ ಅಪ್ಪನ ಧ್ವನಿಯನ್ನು ನಾನು ಆ ಫೋನಿನಲ್ಲಿ ಕೇಳಿರಲಿಲ್ಲ.

ಯಾಕೆಂದರೆ ಅಪ್ಪನದು ರಿಂಗ್ ಮಾತ್ರ. ಒಂದೇ ಲೈನು. ಅಪ್ಪನೊಡನೆ ಮಾತಾಡುತ್ತಾ ಅದನ್ನು ಹಿಡಿದುಕೊಂಡರೆ ಬಂದ ಗಿರಾಕಿ ಬಸ್‌ಸ್ಟ್ಯಾಂಡಿನ ಹತ್ತಿರದ ಬೂತಿಗೆ ಹೋಗುತ್ತಾನೆ. ಅದಕ್ಕೇ ಅವರಿಬ್ಬರೂ ಮದುವೆಯಾದ ಹೊಸದರಲ್ಲೇ ಮಾಡಿಕೊಂಡ ಏರ್ಪಾಟು: ಅಪ್ಪ ಎಲ್ಲೇ ಇರಲಿ, ದೀಪ ಹಚ್ಚುವ ಹೊತ್ತಿಗೆ ಯಾವುದಾದರೂ ಬೂತಿನಿಂದ ನಮ್ಮ ನಂಬರಿಗೆ ಎರಡು ರಿಂಗ್ ಕೊಟ್ಟು ಇಡುವುದು. ಅಂದರೆ ಅವನು ಆರಾಮ. ಅವ್ವ ಎತ್ತದೆ ಇರುವುದು. ಅಂದರೆ ಮನೆಯಲ್ಲೂ ಎಲ್ಲ ಆರಾಮ. ಮನೆಯಲ್ಲಿ ಏನಾದರೂ ಹೆಚ್ಚುಕಮ್ಮಿಯಾಗಿದ್ದರೆ ಮಾತ್ರ ಎತ್ತಿ ಹೇಳುವುದು. ಆ ಹೊತ್ತಿಗೆ ಅವ್ವ ಸ್ಟೂಲನ್ನು ಫೋನಿನ ಹತ್ತಿರ ಎಳೆದುಕೊಂಡು ಕೂರುತ್ತಿದ್ದಳು. ರಿಂಗ್ ಆದಾಗ ಅಂಗೈಯನ್ನು ರಿಸೀವರಿನ ಮೇಲಿಟ್ಟು, ಅದರ ನಡುಕ ನಿಲ್ಲುವವರೆಗೂ ಹಾಗೇ ಹಿಡಿದಿರುತ್ತಿದ್ದಳು. ಕಾದು ನಿಂತ ಗಿರಾಕಿ ‘ಎತ್ತೂದಿಲ್ಲನ್ರೀ ಅಕ್ಕೋರೆ?’ ಎಂದು ಕೇಳಿದರೆ ಉತ್ತರ ಯಾವಾಗಲೂ ಇದೇ:

‘ನಮ್ಮ ಮನಿಯವ್ರದ್ರೀ ಅದು. ಮಾತಾಡಿದ್ದಾತು.’

ನನಗೆ ನೆನಪಿರುವ ಹಾಗೆ ಅವ್ವ ಒಮ್ಮೆ ಮಾತ್ರ ಎತ್ತಿದಳು. ದೊಡ್ಮನೆ ಕಡೆಯಲ್ಲಿ ಅಪ್ಪನ ಅಪ್ಪ ತೀರಿಕೊಂಡ ದಿನ. ಮೊದಲ ರಿಂಗಿಗೇ ಎತ್ತಿದಳು. ಎತ್ತಿದ್ದರಿಂದಲೇ, ಹೇಳುವ ಮೊದಲೇ ಅಪ್ಪನಿಗೆ ತಿಳಿದಿತ್ತು. ‘ಹೂಂನ್ರೀ’ ಎಂದಷ್ಟೇ ಅಂದು ಇಟ್ಟಳು. ಆವತ್ತಿನಿಂದ ನನ್ನ ಲೆಕ್ಕದಲ್ಲಿ, ಅಪ್ಪನ ಲೆಕ್ಕದಲ್ಲಿ ಕೂಡ, ಆ ಫೋನು ಎತ್ತುವುದು ಅಂದರೆ ಒಬ್ಬರು ಹೋದರು ಎಂದೇ ಅರ್ಥ.

ಶಾಲೆಯಲ್ಲಿ ನನಗೆ ಗೆಳತಿಯರು ಇದ್ದರು, ಇರಲಿಲ್ಲ ಅಂತಲ್ಲ. ಆದರೆ ಅವರ ಮನೆಯ ಗುಟ್ಟುಗಳು ನನ್ನ ಕಿವಿಗೆ ಬಿದ್ದಿರುತ್ತಿದ್ದವು. ಒಬ್ಬಳ ಅಣ್ಣ ಮನೆಬಿಟ್ಟು ಹೋದದ್ದು ಅವಳಿಗಿಂತ ಮೊದಲು ನನಗೆ ಗೊತ್ತಿತ್ತು. ಅಂಥದ್ದನ್ನೆಲ್ಲ ನುಂಗಿಕೊಂಡು ಕೂರುವವಳ ಹತ್ತಿರ ಯಾರೂ ಹೆಚ್ಚು ಹೊತ್ತು ಕೂರುವುದಿಲ್ಲ. ಅವರು ನನ್ನನ್ನು ‘ಬೂತಿನ ಗೊಂಬೆ’ ಅನ್ನುತ್ತಿದ್ದರು. ನೋಯಿಸಲು ಹೇಳಿದ್ದಲ್ಲ, ಆದರೂ ಹೆಸರು ಹಾಗೇ ಉಳಿಯಿತು.

ಪಿಯುಸಿ ಮುಗಿಸಿ ಊರಿನ ಕಾಲೇಜಿನಲ್ಲೇ ಬಿಕಾಂಗೆ ಸೇರಿದೆ. ನಮ್ಮ ಎರಡೂ ಕಡೆಯ ಕುಟುಂಬಗಳಲ್ಲಿ ಅಲ್ಲಿಯವರೆಗೆ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ. ಬೆಳಗ್ಗೆ ಬೂತು ತೆರೆದು ಕಾಲೇಜಿಗೆ ಹೋಗಿ, ಸಂಜೆ ಬಂದು ಬೂತಿನಲ್ಲಿ ಕೂತು ಓದಿದವಳು ನಾನು. ಅಷ್ಟರಲ್ಲಿ ಮೊಬೈಲುಗಳು ಬರತೊಡಗಿದ್ದವು, ಬೂತಿಗೆ ಬರುವವರು ಕಡಿಮೆಯಾಗುತ್ತಿದ್ದರು. ಇಂಟರ್‌ನೆಟ್ ಇಟ್ಟರೆ ಜನ ಬರುತ್ತಾರೆ ಎಂದು ನಾನೇ ಹಟ ಹಿಡಿದು, ಹುಬ್ಬಳ್ಳಿಯಿಂದ ಹಳೆಯ ಕಂಪ್ಯೂಟರೊಂದನ್ನು ತರಿಸಿದೆ. ಅಪ್ಪನೇ ಲಾರಿಯ ಕ್ಯಾಬಿನ್ನಿನಲ್ಲಿ, ತನ್ನ ಚಾದರ ಸುತ್ತಿ, ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ತಂದ. ‘ಇದು ಎಂತಾ ಮಾಡ್ತದೆ?’ ಎಂದು ಕೇಳಿದ. ನಾನು ವಿವರಿಸಿದೆ. ಕೇಳಿಸಿಕೊಂಡು ‘ಹಂಗಾರೆ ಇದ್ಕೂ ಫೋನಿನ ಲೈನೇ ಬೇಕಲ’ ಎಂದ. ಅವನಿಗೆ ಮುಖ್ಯವಾದದ್ದು ಒಂದೇ ಮಾತಿನಲ್ಲಿ ಸಿಕ್ಕಿತ್ತು.

ಹೌದು, ಅದೇ ಲೈನು. ಮೋಡೆಮ್ಮು ಕಿರ್ರೆಂದು ಕೂಗಿ ನೆಟ್ ಸೇರಿಕೊಂಡಿತೆಂದರೆ ಹೊರಗಿನಿಂದ ಯಾವ ರಿಂಗೂ ಒಳಗೆ ಬರುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವ್ವ ಸ್ಟೂಲು ಎಳೆದಳೆಂದರೆ ನಾನು ಎಲ್ಲಿದ್ದರೂ ನೆಟ್ ಬಿಟ್ಟು ಬರಬೇಕಿತ್ತು. ಆ ದಿನಗಳಲ್ಲಿ ನಾನು ಚಾಟಿನಲ್ಲಿ ಒಬ್ಬಳ ಸ್ನೇಹ ಮಾಡಿದ್ದೆ. ಯಾವುದೋ ಹೊರದೇಶದ ಆಸ್ಪತ್ರೆಯಲ್ಲಿ ಪಾಳಿಯ ಕೆಲಸ ಮಾಡುವವಳು. ನನ್ನ ಮುರುಕು ಇಂಗ್ಲಿಷಿಗೆ ಎಂದೂ ನಗಲಿಲ್ಲ. ನಾವು ಬರೆದುಕೊಳ್ಳುತ್ತಿದ್ದದ್ದು ಹೆಚ್ಚೇನಲ್ಲ. ‘ಇದ್ದೀಯಾ?’, ‘ಇದ್ದೇನೆ.’ ಅಲ್ಲಿ ಹಿಮ, ಇಲ್ಲಿ ಬಿಸಿಲು. ಅವಳ ಹೆಸರಿನ ಪಕ್ಕ ಹಸಿರು ಬೊಟ್ಟು ಕಂಡರೆ ನನಗೆ ಅಷ್ಟೇ ಸಾಕಾಗುತ್ತಿತ್ತು. ಯೋಚಿಸಿದರೆ, ಅಪ್ಪನ ಎರಡು ರಿಂಗಿಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ. ಇದ್ದೇನೆ ಎಂದು ತಿಳಿಸಿದರೆ ಮಾತಾಡಿದಂತೆ ಎಂದು ನನಗೆ ಮನೆಯಲ್ಲೇ ಕಲಿಸಿದ್ದರು. ಒಂದು ದಿನದಿಂದಾಚೆ ಆ ಬೊಟ್ಟು ಮತ್ತೆ ಹಸಿರಾಗಲಿಲ್ಲ. ಅವಳು ಸತ್ತಳೋ, ಕೆಲಸ ಬಿಟ್ಟಳೋ, ನನ್ನಿಂದ ಬೇಸತ್ತಳೋ ಇವತ್ತಿಗೂ ತಿಳಿಯದು. ಅವಳ ಕಡೆಯಿಂದ ಎತ್ತಿ ಹೇಳುವವರು ಯಾರೂ ಇರಲಿಲ್ಲ.

ಆಮೇಲೆ ಚಾಟ್ ಬಿಟ್ಟು ಪೇಜು ಮಾಡುವುದನ್ನು ಹಿಡಿದೆ. ಬೇರೆಯವರ ಪೇಜುಗಳನ್ನು ತೆರೆದು, ಹಿಂದಿನ ಕೋಡು ನೋಡಿ, ಹಾಳೆಯ ಮೇಲೆ ಬರೆದುಕೊಂಡು ಕಲಿತೆ. ನಾನು ಮಾಡಿದ ಮೊದಲ ಪೇಜು ಯಲ್ಲಾಪುರದ ಬಗ್ಗೆ. ಕನ್ನಡ ಅಕ್ಷರ ಹಾಕಿದರೆ ಬೇರೆ ಕಂಪ್ಯೂಟರಿನಲ್ಲಿ ಬರೀ ಚೌಕಗಳು ಕಾಣುತ್ತಿದ್ದವು. ಅದಕ್ಕೆ ಊರಿನ ಹೆಸರನ್ನು ಚಿತ್ರವಾಗಿ ಬರೆದು ಹಾಕಿದೆ. ಕೆಳಗೆ, ಎಷ್ಟು ಜನ ಬಂದು ನೋಡಿದರು ಎಂದು ತೋರಿಸುವ ಅಂಕಿ. ದಿನವೂ ಅದು ಏರುತ್ತಿತ್ತು. ಹಿಗ್ಗಿದೆ. ಕೆಲವು ದಿನದ ಮೇಲೆ ಗೊತ್ತಾಯಿತು, ಅಂಕಿ ಏರಿದೆಯೇ ಎಂದು ನಾನು ನೋಡಲು ಹೋದಾಗಲೆಲ್ಲ ಅದು ಏರುತ್ತಿತ್ತು. ಬಂದವಳು ನಾನೊಬ್ಬಳೇ. ಅವ್ವನಿಗೆ ಹೇಳಿದೆ. ಅವಳು ಒರಳು ನಿಲ್ಲಿಸಿ, ‘ಹೋಗಲಿ ಬಿಡ, ಮನಿ ಕಟ್ಟಿದವ್ರು ಮೊದ್ಲ ತಾವ ಹೊಗಬೇಕಲ್ಲ’ ಅಂದಳು.

ಡಿಗ್ರಿಯ ರಿಸಲ್ಟು ನೆಟ್‌ನಲ್ಲಿ ಬರುತ್ತದೆ ಎಂದು ಸುದ್ದಿಯಾದ ದಿನ ನಮ್ಮ ಮುಂದಿನ ಕೋಣೆ ತುಂಬಿ ರಸ್ತೆಯವರೆಗೂ ಜನ. ಊರಿನ ಹುಡುಗ ಹುಡುಗಿಯರೆಲ್ಲ ಕೈಯಲ್ಲಿ ಹಾಲ್‌ಟಿಕೆಟ್ಟು ಹಿಡಿದು ನಿಂತಿದ್ದರು. ಬೆಳಗ್ಗೆ ಸೇರಿಸಿದ ಲೈನನ್ನು ನಾನು ಬಿಡಲೇ ಇಲ್ಲ, ಬಿಟ್ಟರೆ ಮತ್ತೆ ಸಿಗುವ ಭರವಸೆ ಇರಲಿಲ್ಲ. ಒಬ್ಬೊಬ್ಬರ ನಂಬರು ಹೊಡೆಯುವುದು, ಪುಟ ಬರುವವರೆಗೆ ಕಾಯುವುದು, ಬಂದದ್ದನ್ನು ಮೆಲ್ಲಗೆ ಓದಿ ಹೇಳುವುದು. ಕೆಲವರು ಕುಣಿದರು. ನನ್ನ ಕ್ಲಾಸಿನ ಹುಡುಗಿಯೊಬ್ಬಳು ಫೇಲಾದಳು. ಫೋನು ಮಾಡುವವಳ ಹಾಗೆ ಗಾಜಿನ ಗೂಡಿನೊಳಗೆ ಹೋಗಿ ಬಾಗಿಲೆಳೆದುಕೊಂಡು ಅತ್ತಳು. ಹಲಗೆಯಾಚೆಯಿಂದ ಒರಳಿನ ಸದ್ದು ಬಂತು. ಇಣುಕಿದರೆ ಅವ್ವ ಕಾಲು ಚಾಚಿ ಕೂತು ಗುಂಡು ತಿರುಗಿಸುತ್ತಿದ್ದಳು. ಒರಳಿನಲ್ಲಿ ಒಂದು ಕಾಳು ಅಕ್ಕಿಯೂ ಇರಲಿಲ್ಲ.

ಎಲ್ಲರೂ ಹೋದ ಮೇಲೆ ನನ್ನ ನಂಬರು ಹೊಡೆದೆ. ಫಸ್ಟ್ ಕ್ಲಾಸು. ಪುಟವನ್ನು ಹಾಗೇ ಬಿಟ್ಟು ಬಹಳ ಹೊತ್ತು ನೋಡಿದೆ. ಬೆಳಗ್ಗಿನಿಂದ ಅಷ್ಟು ಜನರಿಗೆ ರಿಸಲ್ಟು ಓದಿ ಹೇಳಿದ್ದೆ, ನನಗೆ ಓದಿ ಹೇಳುವವರು ಇರಲಿಲ್ಲ. ನಾನೇ ಗಟ್ಟಿಯಾಗಿ ಓದಿಕೊಂಡೆ. ಅವ್ವ ಒಳಗಿನಿಂದ ಬಂದು ಬಾಯಿಗೆ ಸಕ್ಕರೆ ಹಾಕಿ, ಸೆರಗಿನಲ್ಲಿ ನನ್ನ ಮುಖ ಒರೆಸಿದಳು. ನನ್ನ ಮುಖದಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ. ‘ನಿಮ್ಮಪ್ಪ ಬಂದಾಗ ಹೇಳೂಣು’ ಎಂದು ದೀಪ ಹಚ್ಚಲು ಹೋದಳು. ಬಂದಾಗ ಅಂದರೆ ಯಾವಾಗ? ಅವನು ಪುಣೆಗೆ ಕಾಗದದ ಲೋಡು ಹಾಕಿಕೊಂಡು ಹೋಗಿ ಒಂದು ದಿನವಾಗಿತ್ತಷ್ಟೆ. ಭಟ್ಟರು ಏನೂ ಇಲ್ಲದೆ ಮಗಳಿಗೆ ಫೋನು ಮಾಡುತ್ತಾರೆ, ನನ್ನ ಹತ್ತಿರ ಇಷ್ಟು ದೊಡ್ಡದಿದೆ. ನೆಟ್ ಬಿಡಿಸಿ ಅವ್ವನ ಸ್ಟೂಲಿನ ಮೇಲೆ ಕೂತೆ. ಕೂತ ಸ್ವಲ್ಪ ಹೊತ್ತಿಗೇ ರಿಂಗ್ ಆಯಿತು. ಮೊದಲ ರಿಂಗಿಗೇ ಎತ್ತಿದೆ.

‘ಅಪ್ಪಾ’ ಎಂದೆ.

ಆ ಕಡೆ ಲಾರಿಗಳ ಸದ್ದು, ಹಾರ್ನು. ಅದರ ನಡುವೆ ಯಾರೋ ಉಸಿರು ಎಳೆದುಕೊಂಡದ್ದು ಕೇಳಿತು. ಆಮೇಲೆ ಲೈನು ಕಟ್ಟಾಯಿತು. ದೀಪದ ಮುಂದಿನಿಂದ ಎದ್ದು ಬಂದ ಅವ್ವ ಬಾಗಿಲಲ್ಲೇ ನಿಂತಿದ್ದಳು.

‘ಎತ್ತಿದೇನ?’

‘ರಿಸಲ್ಟ್ ಹೇಳಾಕೆ ಎತ್ತಿದೆ. ಕಟ್ಟಾತು.’

‘ಇಷ್ಟೊತ್ತನಕ ಲೈನ್ ಸಿಕ್ಕಿರೂದಿಲ್ಲ ಅವ್ರಿಗೆ. ಈಗ ಸಿಗೂದ್ರಾಗ ಎತ್ತೀದಿ. ಅದೂ ನೀ ಎತ್ತೀದಿ, ನಾ ಅಲ್ಲ. ಏನ ತಿಳಕೊಂಡಿರತಾರ ಹೇಳು.’

ಆಗ ನನಗೆ ಅರ್ಥವಾಯಿತು. ಎಲ್ಲಿಂದ ಮಾಡಿದ್ದನೋ ಆ ನಂಬರು ನಮಗೆ ಗೊತ್ತಿಲ್ಲ, ತಿರುಗಿ ಮಾಡುವಂತಿಲ್ಲ. ಅವನು ಇನ್ನೊಮ್ಮೆ ಮಾಡಿದರೆ ಎತ್ತಿ ಹೇಳೋಣ ಎಂದು ಇಬ್ಬರೂ ಫೋನಿನ ಎದುರು ಕೂತೆವು. ಅದು ಬಡಿಯಲಿಲ್ಲ. ಸಕ್ಕರೆಯ ಡಬ್ಬಿ ಮುಚ್ಚಳ ತೆರೆದೇ ಇತ್ತು, ಇರುವೆ ಹತ್ತಿತು. ಆ ರಾತ್ರಿ ಇಬ್ಬರೂ ಮಲಗಲಿಲ್ಲ.

ಬೆಳಗ್ಗೆ ಹಾಲಿನವನು ಬರುವ ಹೊತ್ತಿಗೆ ಲಾರಿ ಬಂತು. ಊರ ತಿರುವಿನಲ್ಲಿ ಅಪ್ಪ ಯಾವಾಗಲೂ ಹಾರ್ನು ಹೊಡೆಯುತ್ತಿದ್ದ. ಅವತ್ತು ಹೊಡೆಯಲಿಲ್ಲ. ನಿಪ್ಪಾಣಿಯ ಹತ್ತಿರದಿಂದ ಲೋಡು ಸಮೇತ ತಿರುಗಿಸಿಕೊಂಡು ಬಂದಿದ್ದ. ಹೊರಗೆ ಜನ ಸೇರಿಲ್ಲ, ಬೆಂಕಿ ಹಾಕಿಲ್ಲ, ಅವನಿಗೆ ಅದೂ ಕಂಡಂತಿರಲಿಲ್ಲ. ಬರಿಗಾಲಲ್ಲಿ ಮುಂದಿನ ಕೋಣೆ ದಾಟಿ, ನನ್ನನ್ನು ದಾಟಿ, ಅಡುಗೆಮನೆಯ ಬಾಗಿಲಲ್ಲಿ ನಿಂತ. ಅವ್ವ ಒಲೆಯ ಮುಂದೆ ಕಾಲು ಚಾಚಿ ಕೂತಿದ್ದಳು.

‘ಗಂಗಾ’ ಅಂದ.

ಅವ್ವನ ಹೆಸರು ಅಪ್ಪನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅವ್ವ ಎದ್ದೇಳಲು ಹೋದಳು. ಸೊರಗಿದ ಕಾಲು ಜೋಮು ಹಿಡಿದಿತ್ತೇನೋ, ಆಗಲಿಲ್ಲ.

‘ಇಲ್ಲೇ ಅದೀನ್ರೀ’ ಅಂದಳು. ‘ಎಲ್ಲಿಗೂ ಹೋಗಿಲ್ಲ. ಕುಂದರ್ರಿ.’

ಅಪ್ಪ ಹೊಸ್ತಿಲ ಮೇಲೆ ಕುಸಿದು ಕೂತ. ಅವ್ವ ನೀರು ಕೊಟ್ಟಳು. ಅವನು ಲೋಟ ಹಿಡಿದ ಮೇಲೂ ಅವಳು ಬಿಡಲಿಲ್ಲ, ಬುಡ ಹಿಡಿದುಕೊಂಡೇ ಇದ್ದಳು. ಅವರಿಬ್ಬರು ಹಾಗೆ ಒಂದೇ ಲೋಟ ಹಿಡಿದದ್ದನ್ನು ನಾನು ಹಿಂದೆ ನಿಂತು ನೋಡಿದೆ. ಅವನ ತಲೆಯಲ್ಲಿ ರಾತ್ರಿಯಿಡೀ ಅವ್ವ ಸತ್ತಿದ್ದಳು, ಈಗ ಬದುಕಿದ್ದಳು. ಅದರ ನಡುವೆ ನನ್ನ ಡಿಗ್ರಿಗೆ ಜಾಗವಿರಲಿಲ್ಲ. ಇರಬೇಕೆಂದು ಕೇಳುವುದೂ ತಪ್ಪು ಎಂದು ಗೊತ್ತಿತ್ತು. ಅಷ್ಟು ತುಂಬಿದ ಮನೆಯಲ್ಲಿ ಅಷ್ಟು ಒಂಟಿಯಾಗಿ ನಾನು ಮತ್ತೆಂದೂ ನಿಂತಿಲ್ಲ. ಪದ್ಧತಿಯ ಪ್ರಕಾರ ನಾನು ಎಲ್ಲಿಗಾದರೂ ಹೋಗಿ ಸದ್ದು ಮಾಡಬೇಕಿತ್ತು. ಆದರೆ ಒರಳು ಅವರ ಪಕ್ಕದಲ್ಲಿತ್ತು.

ನೀರು ಕುಡಿದು ಮುಗಿಸಿ ಅಪ್ಪ ತಿರುಗಿ ನೋಡಿದ.

‘ಮತ್ತೆ ಎತ್ತಿದ್ದು ಎಂತಕ್ಕೆ?’

‘ರಿಸಲ್ಟ್ ಬಂತು ಅಪ್ಪಾ. ಡಿಗ್ರಿ ಪಾಸಾದೆ. ಫಸ್ಟ್ ಕ್ಲಾಸು.’

‘ಅದನ್ನ ಹೇಳೂಕೆ ಎತ್ತೂದಾ ಮಾರಾಯ್ತಿ?’ ಎಂದು ಅವನು ನಗಲು ಹೋದ. ನಗು ಅರ್ಧಕ್ಕೆ ನಿಂತಿತು. ಎದ್ದು ಬಚ್ಚಲಿಗೆ ಹೋಗಿ ಎಷ್ಟೋ ಹೊತ್ತು ಮುಖ ತೊಳೆದ. ನೀರು ಬಿಡದೆ ಸುರಿಯುತ್ತಲೇ ಇತ್ತು. ಬಂದು, ಅವ್ವ ಕೊಟ್ಟ ರೊಟ್ಟಿಯನ್ನು ಗಂಜಿ ಕೇಳದೆ ತಿಂದ.

ಲಾರಿಯ ಮಾಲೀಕ ಬೈಯುತ್ತಾನೆ ಎಂದು ಅವತ್ತೇ ಹೊರಟ. ಕ್ಯಾಬಿನ್ನಿಗೆ ಹತ್ತಿ ಕೂತು, ಗೇರ್ ಹಾಕಿದವನು ಮತ್ತೆ ತೆಗೆದು, ಕಿಟಕಿಯಿಂದ ನನ್ನನ್ನು ಹತ್ತಿರ ಕರೆದ.

‘ಇನ್ಮೇಲೆ ಎತ್ತು ಮಗಾ. ಎಂತಾರೂ ಇದ್ರೂ ಎತ್ತು, ಎಂತೂ ಇಲ್ದಿದ್ರೂ ಎತ್ತು.’

‘ಗಿರಾಕಿ ಬಂದ್ರ?’ ಎಂದು ಬಾಗಿಲಿನಿಂದ ಅವ್ವ ಕೇಳಿದಳು.

‘ನಿಲ್ತಾರೆ ಬಿಡೇ’ ಎಂದ ಅಪ್ಪ.

ಮರುದಿನ ದೀಪ ಹಚ್ಚುವ ಹೊತ್ತಿಗೆ ಅವ್ವ ಸ್ಟೂಲನ್ನು ನನ್ನ ಕಡೆ ತಳ್ಳಿ, ತಾನು ಒಳಗೆ ಹೋದಳು. ಇಡೀ ದಿನ ನಾನು ಏನೇನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಮಾರ್ಕ್ಸು, ನಮ್ಮ ಸರ್ ಹೇಳಿದ ಮಾತು, ಪೇಜು ಮಾಡುವುದನ್ನೇ ಮುಂದೆ ಕೆಲಸವಾಗಿ ಮಾಡುತ್ತೇನೆ ಎನ್ನುವುದು. ರಿಂಗ್ ಆಯಿತು. ಎತ್ತಿದೆ. ‘ಅಪ್ಪಾ’ ಎಂದೆ. ‘ಹೂಂ’ ಅಂದ. ಊಟ ಆಯಿತಾ ಎಂದು ಕೇಳಿದೆ. ಇನ್ನೂ ಇಲ್ಲ ಎಂದ. ಮಳೆ ಇದೆಯಾ ಎಂದು ಅವನು ಕೇಳಿದ. ಇಲ್ಲ ಎಂದೆ. ಅಲ್ಲಿಗೆ ನಮ್ಮಿಬ್ಬರ ಮಾತು ತೀರಿತು. ಜೋಡಿಸಿಕೊಂಡದ್ದೆಲ್ಲ ಇತ್ತು, ಅದನ್ನು ಎಲ್ಲಿಂದ ಎತ್ತಿಕೊಳ್ಳುವುದೆಂದು ನನಗೆ ಗೊತ್ತಾಗಲಿಲ್ಲ. ಭಟ್ಟರಿಗೆ ಬರುತ್ತಿದ್ದ ಆ ಸುಮ್ಮನೆ ಮಾಡುವ ಮಾತು ನಮಗೆ ಯಾರೂ ಕಲಿಸಿರಲಿಲ್ಲ.

‘ಇಡ್ಲಾ?’ ಎಂದ ಅಪ್ಪ.

‘ಇಡು’ ಎಂದೆ.

ಅವನು ಇಡಲಿಲ್ಲ. ನಾನೂ ಇಡಲಿಲ್ಲ. ಅವನ ಎದುರಿನ ಮೀಟರಿನಲ್ಲಿ ಕೆಂಪು ಅಂಕಿ ಓಡುತ್ತಿರಬೇಕು. ಅವನ ಉಸಿರು ಕೇಳುತ್ತಿತ್ತು, ಅದರ ಹಿಂದೆ ಇನ್ನೇನೋ ಒಂದು ಸದ್ದು. ಕಿವಿಗೊಟ್ಟು ಕೇಳಿದೆ. ಆ ಕಡೆಯ ಬೂತಿನ ಮನೆಯಲ್ಲಿ, ಗೋಡೆಯಾಚೆ, ಯಾರೋ ಪಾತ್ರೆಗಳನ್ನು ಬೇಕೆಂದೇ ಜೋರಾಗಿ ತೊಳೆಯುತ್ತಿದ್ದರು.